ಚಳಿಗಾಲವಿಲ್ಲದ ಸೀಮೆಗೆ ಬಂದ ಹುಳು

ಬೆಂಗಳೂರಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಚಿಕ್ಕಬಳ್ಳಾಪುರ ದಾಟಿದ ಮೇಲೆ, ಗುಡಿಬಂಡೆಗೆ ದಾರಿ ಕವಲೊಡೆಯುವಲ್ಲಿ ಪೆರೇಸಂದ್ರವಿದೆ. ಈ ಸೀಮೆಗೆ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಉತ್ತರ ಪಿನಾಕಿನಿ, ಚಿತ್ರಾವತಿಗಳು ಹುಟ್ಟುವುದು ಇಲ್ಲಿಯ ಬೆಟ್ಟಸಾಲಿನಲ್ಲೇ ಆದರೂ ಅವು ಮಳೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಕೆರೆ ತುಂಬಿದರೆ ಕೆರೆ, ಇಲ್ಲವಾದರೆ ಸಾವಿರ ಅಡಿ ದಾಟಿದ ಕೊಳವೆಬಾವಿ. ಇಂಥ ನೆಲ ಪೆರೇಸಂದ್ರದಿಂದ ಶಿಡ್ಲಘಟ್ಟದವರೆಗೆ, ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಹಿಪ್ಪುನೇರಳೆಯನ್ನು ನೆಚ್ಚಿಕೊಂಡಿದೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಮನಗರದ ಜೊತೆಜೊತೆಗೆ ದೇಶದ ದೊಡ್ಡ ಮಾರುಕಟ್ಟೆಗಳ ಸಾಲಿನಲ್ಲಿ ನಿಲ್ಲುತ್ತದೆ. ಇದರ ಚರಿತ್ರೆಯನ್ನು ದೊಡ್ಡವರ ಹೆಸರಿನಲ್ಲಿ ಹೇಳುವುದು ರೂಢಿ: ಟಿಪ್ಪು ತಂದ, ಟಾಟಾ ದಾರಿ ತೋರಿಸಿದರು, ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರ ಕೈಹಾಕಿತು, ವಿಶ್ವಬ್ಯಾಂಕು ಸಾಲ ಕೊಟ್ಟಿತು. ಎಲ್ಲವೂ ನಿಜವೇ. ಆದರೆ ಎರಡು ಶತಮಾನಗಳಲ್ಲಿ ಸೋತ ಪ್ರಯತ್ನಗಳನ್ನೂ ಗೆದ್ದ ಪ್ರಯತ್ನಗಳನ್ನೂ ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೊಂದು ಕ್ರಮ ಕಾಣುತ್ತದೆ. ಬೆಳಕು, ಚಳಿ, ವಾಸನೆಗಳನ್ನು ಹುಳು ಹೇಗೆ ಗ್ರಹಿಸುತ್ತದೆ ಎಂಬುದಕ್ಕೆ ತಲೆಬಾಗಿದ ಯೋಜನೆಗಳು ನೆಲೆಯೂರಿದವು. ಹುಳುವೂ ಸರ್ಕಾರಿ ಆಜ್ಞೆಯಂತೆ ನಡೆದೀತೆಂದು ನಂಬಿದವು ನೆಲೆಯೂರಲಿಲ್ಲ.

ಇದು ಅರ್ಥವಾಗಬೇಕಾದರೆ ಮೊದಲು ಮೊಟ್ಟೆಯ ವಿಷಯ ತಿಳಿಯಬೇಕು. ರೇಷ್ಮೆಹುಳು ಸುಮಾರು ಐದು ಸಾವಿರ ವರ್ಷಗಳ ಹಿಂದೆ ಚೀನಾದಲ್ಲಿ ಕಾಡುಹುಳುವಿನಿಂದ ಪಳಗಿದ ಪ್ರಾಣಿ. ಅಲ್ಲಿಯ ಚಳಿಗಾಲದಲ್ಲಿ ಹಿಪ್ಪುನೇರಳೆ ಎಲೆಯುದುರಿಸಿ ಬೋಳಾಗುತ್ತದೆ. ಆಗ ಮರಿ ಹೊರಬಂದರೆ ಸಾವೇ ಗತಿ. ಹಾಗಾಗಿ ಸಮಶೀತೋಷ್ಣ ನಾಡಿನ ತಳಿಗಳ ಮೊಟ್ಟೆ ಇಟ್ಟ ಒಂದೆರಡು ದಿನಗಳಲ್ಲೇ ಬೆಳವಣಿಗೆ ನಿಲ್ಲಿಸಿ ಮಲಗಿಬಿಡುತ್ತದೆ. ವಾರಗಟ್ಟಲೆ ಕೊರೆಯುವ ಚಳಿಯನ್ನು ಕಂಡ ಮೇಲೆಯೇ ಅದು ಮತ್ತೆ ಎಚ್ಚರಗೊಳ್ಳುವುದು. ಇನ್ನೂ ಸೋಜಿಗದ ಸಂಗತಿಯೆಂದರೆ, ಮೊಟ್ಟೆ ಮಲಗಬೇಕೋ ಬೇಡವೋ ಎಂಬ ತೀರ್ಮಾನ ಮೊಟ್ಟೆಯದಲ್ಲ, ತಾಯಿಯದು. ವರ್ಷಕ್ಕೆ ಎರಡು ಪೀಳಿಗೆ ಕಾಣುವ ದ್ವಿತಳಿಗಳಲ್ಲಿ, ತಾಯಿ ತಾನೇ ಮೊಟ್ಟೆಯೊಳಗಿದ್ದಾಗ ಕಂಡ ಬೆಳಕು ಮತ್ತು ಬಿಸುಪಿನ ಮೇಲೆ ಅದು ನಿಂತಿದೆ. 25 ಡಿಗ್ರಿಯ ಆಸುಪಾಸಿನಲ್ಲಿ, ದೀರ್ಘ ಹಗಲಿನಲ್ಲಿ ಕಾವು ಪಡೆದ ತಾಯಿ ಮುಂದೆ ಚಿಟ್ಟೆಯಾಗಿ ಇಡುವುದು ಮಲಗುವ ಮೊಟ್ಟೆ. 15 ಡಿಗ್ರಿಯ ಕತ್ತಲಲ್ಲಿ ಕಾವು ಪಡೆದವಳು ಇಡುವುದು ಕೂಡಲೇ ಒಡೆಯುವ ಮೊಟ್ಟೆ. ತಾಯಿಯ ನರಗಂಟೊಂದರಿಂದ ಒಸರುವ ಹಾರ್ಮೋನು ಈ ಸುದ್ದಿಯನ್ನು ಮೊಟ್ಟೆಗೆ ಮುಟ್ಟಿಸುತ್ತದೆಂದು ಜಪಾನಿನ ಹಸೆಗಾವ ಮತ್ತು ಫುಕುದ 1951ರಲ್ಲಿ ಪ್ರತ್ಯೇಕವಾಗಿ ತೋರಿಸಿದರು. ಬೇಸಿಗೆಯ ಹಗಲನ್ನು ಕಂಡವಳು ಬರಲಿರುವ ಚಳಿಗಾಲಕ್ಕೆ ಮಕ್ಕಳನ್ನು ಸಜ್ಜುಗೊಳಿಸುತ್ತಾಳೆ. ಮುಂಬರುವ ಋತುವಿನ ಈ ಅಂದಾಜು ಚೀನಾ, ಜಪಾನುಗಳಲ್ಲಿ ತಪ್ಪುವುದಿಲ್ಲ. ಚಿಕ್ಕಬಳ್ಳಾಪುರದಲ್ಲಿ ಅದು ಪೂರ್ತಿ ತಪ್ಪು. ಪುಷ್ಯದ ರಾತ್ರಿ ಎಷ್ಟೇ ತಣ್ಣಗಿರಲಿ, ಮಲಗಿದ ಮೊಟ್ಟೆಯನ್ನು ಎಬ್ಬಿಸುವಷ್ಟು ಚಳಿ ಇಲ್ಲಿ ವಾರಗಟ್ಟಲೆ ನಿಲ್ಲುವುದಿಲ್ಲ. ನೀರಿದ್ದರೆ ಹಿಪ್ಪುನೇರಳೆಯೂ ವರ್ಷವಿಡೀ ಚಿಗುರುತ್ತದೆ. ಮಲಗಬೇಕಾದ ಕಾರಣವೂ ಇಲ್ಲ, ಎಬ್ಬಿಸುವ ಸಂಜ್ಞೆಯೂ ಇಲ್ಲ.

ಟಿಪ್ಪು ಸುಲ್ತಾನನ ಕಾಗದಪತ್ರಗಳನ್ನು ಈ ಬೆಳಕಿನಲ್ಲಿ ಓದಿದರೆ ಅವು ಬೇರೆಯೇ ಆಗಿ ಕಾಣುತ್ತವೆ. 1786ರ ಪತ್ರವೊಂದರಲ್ಲಿ ಆತ, ಹುಳು ತರಲೆಂದು ಬಂಗಾಳಕ್ಕೆ ಹೋಗಿದ್ದ ಬುರ್ಹಾನುದ್ದೀನ್ ಮತ್ತು ಕಸ್ತೂರಿ ರಂಗ ಸಿದ್ಧವಟದ ದಾರಿಯಾಗಿ ಹಿಂದಿರುಗುತ್ತಿರುವುದನ್ನು ಶ್ರೀರಂಗಪಟ್ಟಣದ ಅಧಿಕಾರಿಗೆ ತಿಳಿಸಿ, ಹುಳುಗಳನ್ನು ಇಡಲು ತಕ್ಕ ಜಾಗ ಯಾವುದೆಂದು ಅವರನ್ನೇ ಕೇಳಿ ತಿಳಿಯುವಂತೆ ಆದೇಶಿಸುತ್ತಾನೆ. ಮಸ್ಕತ್ತಿನ ಕಡೆಯಿಂದಲೂ ಹುಳು ತರಿಸುವ ಪ್ರಯತ್ನ ನಡೆದಿತ್ತು. ರಾಜ್ಯದ 21 ಕಡೆಗಳಲ್ಲಿ ಸಾಕಣೆಗೆ ಏರ್ಪಾಡಾಯಿತು. ಇಂದಿನ ಮೈಸೂರು ತಳಿಯ ಮೂಲ ಬಂಗಾಳವೇ, ಚೀನಾವೇ ಎಂಬ ಚರ್ಚೆ ಏನೇ ಇರಲಿ, ಸುಲ್ತಾನನ ಪತ್ರದಲ್ಲಿ ಗಮನಿಸಬೇಕಾದ ವಿವೇಕ ಒಂದಿದೆ: ಹುಳುವಿನೊಡನೆ ಹುಳುವನ್ನು ಬಲ್ಲವರ ಮಾತನ್ನೂ ಆತ ತರಿಸಿಕೊಳ್ಳುತ್ತಿದ್ದಾನೆ. ಬಂಗಾಳವೂ ಬೆಚ್ಚನೆಯ ನಾಡು. ಅಲ್ಲಿಯ ಹುಳುಗಳು ವರ್ಷಕ್ಕೆ ಹಲವು ಪೀಳಿಗೆ ಕಾಣುವ ಬಹುತಳಿಗಳು. 1799ರಲ್ಲಿ ಆಳ್ವಿಕೆ ಮುಗಿಯಿತು, 21 ಕೇಂದ್ರಗಳ ವ್ಯವಸ್ಥೆಯೂ ಕಳಚಿತು. ಹುಳು ಮಾತ್ರ ಉಳಿಯಿತು. 19ನೇ ಶತಮಾನದಲ್ಲಿ ಬೆಂಗಳೂರು, ಮೈಸೂರು, ಕೋಲಾರ, ತುಮಕೂರು ಜಿಲ್ಲೆಗಳಲ್ಲಿ ರೇಷ್ಮೆ ಹಬ್ಬಿದ್ದಕ್ಕೆ ಕಾರಣ, ಯಾವ ಸರ್ಕಾರದ ನೆರವೂ ಇಲ್ಲದೆ, ಒಂದು ಮನೆಯ ಚಿಟ್ಟೆ ಇಟ್ಟ ಮೊಟ್ಟೆ ಹತ್ತೇ ದಿನಗಳಲ್ಲಿ ಇನ್ನೊಂದು ಮನೆಯ ತಟ್ಟೆಯಲ್ಲಿ ಹುಳುವಾಗುತ್ತಿದ್ದುದು. ತುದಿ ಚೂಪಾದ ಹಸಿರು ಮಿಶ್ರಿತ ಹಳದಿಯ ಸಣ್ಣ ಗೂಡು, ಮುನ್ನೂರು ನಾನೂರು ಮೀಟರಿನ ಎಳೆ, ಲಾಭ ಕಡಿಮೆ. ಆದರೆ ಬಿಸಿಲಿಗೂ ಒರಟು ಎಲೆಗೂ ಅದು ಜಗ್ಗಲಿಲ್ಲ, ಚಳಿಗಾಲಕ್ಕೆ ಕಾಯಲಿಲ್ಲ.

ಇದಕ್ಕೆ ವಿರುದ್ಧ ಸಾಕ್ಷ್ಯ 1860ರ ದಶಕದಲ್ಲಿ ಸಿಗುತ್ತದೆ. ಆಗ ಫ್ರಾನ್ಸ್ ಮತ್ತು ಇಟಲಿಯ ಹುಳುಮನೆಗಳನ್ನು ಗಂಟುರೋಗ ಬರಿದುಮಾಡಿತ್ತು. 1865ರಲ್ಲಿ ಲೂಯಿ ಪಾಶ್ಚರ್ ಅದರ ಬೆನ್ನು ಹತ್ತಿ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸುವ ಕ್ರಮ ರೂಪಿಸಿದ. ಅದು ಬಳಕೆಗೆ ಬರುವವರೆಗೆ ಯುರೋಪು ಜಪಾನಿನಿಂದ ಮೊಟ್ಟೆ ಹಾಳೆಗಳನ್ನು ಹಡಗುಗಟ್ಟಲೆ ತರಿಸಿಕೊಂಡಿತು. ಮೈಸೂರು ಸೀಮೆಯಲ್ಲೂ ಹುಳುಗಳು ಸಾಯತೊಡಗಿದಾಗ ಬೆಂಗಳೂರಿನಲ್ಲಿ ನೂಲು ತೆಗೆಸುತ್ತಿದ್ದ ಇಟಲಿಯ ದೆ ವೆಚ್ಚಿ, ಸರ್ಕಾರದ ಬೆಂಬಲದೊಡನೆ ಅದೇ ಮದ್ದನ್ನು ಇಲ್ಲಿ ಪ್ರಯೋಗಿಸಿದ. ಜಪಾನಿನ ಮೊಟ್ಟೆಗಳು ಬಂದವು; ಅವುಗಳಿಂದ ಉದ್ಯಮ ಚೇತರಿಸಲಿಲ್ಲ. ರೋಗವೂ ಒಂದು ಕಾರಣವಿದ್ದೀತು. ಆದರೆ ಮಲಗುವ ಮೊಟ್ಟೆಯ ತಳಿಗೆ ರೋಗ ಬಾರದಿದ್ದರೂ ಇಲ್ಲಿ ಬಾಳು ಕಷ್ಟ. ಪ್ರತಿವರ್ಷ ಹೊಸ ಹಾಳೆ ತರಿಸಬೇಕು. ಅವುಗಳ ಸಂತತಿಯಿಂದ ಮುಂದಿನ ಬೆಳೆ ತೆಗೆಯಹೊರಟರೆ ಮೊಟ್ಟೆ ಒಂದೇ ದಿನ ಒಡೆಯದೆ, ಇಂದು ನಾಲ್ಕು ನಾಳೆ ಹತ್ತು ಎನ್ನುವಂತೆ ಬಿಡಿಬಿಡಿಯಾಗಿ ಒಡೆಯುತ್ತದೆ, ಇಲ್ಲವೇ ಒಡೆಯುವುದೇ ಇಲ್ಲ. ಒಂದೇ ತಟ್ಟೆಯಲ್ಲಿ ಒಂದು ಹುಳು ಜ್ವರಕ್ಕೆ, ಅಂದರೆ ಪೊರೆ ಕಳಚಲು, ಕೂತಿದ್ದರೆ ಇನ್ನೊಂದು ಎಲೆ ತಿನ್ನುತ್ತಿರುತ್ತದೆ. ಸಾಕುವವನಿಗೆ ಅದು ಬೆಳೆಯೇ ಅಲ್ಲ. ಯುರೋಪಿನ ಚಳಿಯಲ್ಲಿ ಕೆಲಸ ಮಾಡಿದ ಉಪಾಯ ಇಲ್ಲಿ ಸೋತದ್ದಕ್ಕೆ ರೈತನ ಸೋಮಾರಿತನವನ್ನು ಹೊಣೆ ಮಾಡುವ ಅಗತ್ಯವಿಲ್ಲ. ಆ ಮೊಟ್ಟೆ ಕಾಯುತ್ತಿದ್ದ ಸಂಜ್ಞೆ ಈ ನಾಡಿನಲ್ಲಿ ಇರಲಿಲ್ಲ.

ಜೆಮ್‌ಷೆಟ್‌ಜಿ ಟಾಟಾ 1893ರಲ್ಲಿ ಜಪಾನು ನೋಡಿ ಬಂದು, 1896ರ ಸುಮಾರಿಗೆ ಬೆಂಗಳೂರಿನ ಬಸವನಗುಡಿಯ ಬಳಿ ರೇಷ್ಮೆ ತೋಟ ಮಾಡಿಸಿದರು. ಜಪಾನಿನ ಪರಿಣತರು ಅಲ್ಲಿ ಸಾಕಣೆಯ ಶಿಸ್ತನ್ನು, ಮೊಟ್ಟೆ ಪರೀಕ್ಷೆಯನ್ನು, ನೂಲು ತೆಗೆಯುವುದನ್ನು ಕಲಿಸಿದರು. ಆ ಜಾಗಕ್ಕೆ ಟಾಟಾ ಸಿಲ್ಕ್ ಫಾರಂ ಎಂಬ ಹೆಸರು ಇಂದಿಗೂ ಉಳಿದಿದೆ. ಚಿಕ್ಕಬಳ್ಳಾಪುರದ ಮಗ್ಗುಲಿನ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯ 1912ರಲ್ಲಿ ದಿವಾನರಾದ ಮೇಲೆ ಸರ್ಕಾರವೇ ಈ ಕೆಲಸಕ್ಕೆ ಇಳಿಯಿತು. ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ನೇಮಕವಾದರು, 1914ರಲ್ಲಿ ಚನ್ನಪಟ್ಟಣದ ಪ್ರಯೋಗ ಕ್ಷೇತ್ರ ಶುರುವಾಯಿತು, ಪರದೇಶಿ ತಳಿಯನ್ನು ಮೈಸೂರು ತಳಿಯೊಡನೆ ಬೆರೆಸಿ ನೋಡುವ ಕೆಲಸ ನಡೆಯಿತು. ಈ ವೇಳೆಗೆ ಜಪಾನಿನಲ್ಲಿ ದೊಡ್ಡ ತಿರುವೊಂದು ಆಗಿತ್ತು. ತೊಯಾಮ ಕಮೆತಾರೊ ಎಂಬ ವಿಜ್ಞಾನಿ ಸಯಾಮಿಗೆ ಹೋಗಿ ಅಲ್ಲಿಯ ಉಷ್ಣವಲಯದ ಹುಳುವನ್ನು ಜಪಾನಿನ ಹುಳುವಿನೊಡನೆ ಕೂಡಿಸಿ, ಮೆಂಡೆಲನ ಆನುವಂಶಿಕ ನಿಯಮ ಕೀಟಕ್ಕೂ ಅನ್ವಯಿಸುತ್ತದೆಂದು 1906ರಲ್ಲಿ ಪ್ರಕಟಿಸಿದ್ದ. ಮೊದಲ ಪೀಳಿಗೆಯ ಮಿಶ್ರತಳಿಯ ಕಸುವನ್ನು ಸಾಕಣೆಗೆ ಬಳಸಬೇಕೆಂದು ಹೇಳಿದ್ದ. ತಾಯಿಯ ಕಡೆಯಿಂದಲೇ ಬರುವ ಲಕ್ಷಣಗಳ ಬಗ್ಗೆಯೂ ಆತ ಬರೆದ.

ಮೈಸೂರಿನ ರೇಷ್ಮೆಗೆ ನಿಜವಾದ ತಿರುವು ತಂದದ್ದು ಈ ತಾಯಿಯ ಕಡೆಯ ಗುಣ. ರೇಷ್ಮೆ ಇಲಾಖೆಯ ಮುಖ್ಯಸ್ಥರಾಗಿದ್ದ ನವರತ್ನ ರಾಮರಾಯರು ಕನ್ನಡ ಓದುಗರಿಗೆ ‘ಕೆಲವು ನೆನಪುಗಳು’ ಕೃತಿಯ ಕರ್ತೃವಾಗಿ ಪರಿಚಿತರು. ಅವರೂ ಜಪಾನಿನ ತಜ್ಞ ಯೊನೆಮುರ ಅವರೂ ಕೂಡಿ ಬರೆದ ರೇಷ್ಮೆ ಕೈಪಿಡಿ 1925ರಲ್ಲಿ ಬಂತು. ಆ ದಶಕದಲ್ಲಿ ಬೇರೂರಿದ ಮಿಶ್ರತಳಿಯ ಸೂತ್ರ ಮೇಲ್ನೋಟಕ್ಕೆ ಸರಳ: ತಾಯಿ ಮೈಸೂರಿನದು, ತಂದೆ ಪರದೇಶದ ದ್ವಿತಳಿ. ಇದನ್ನು ತಿರುವುಮುರುವು ಮಾಡಿದರೂ ಹುಳುವಿನ ರಕ್ತ ಅರ್ಧರ್ಧವೇ, ಗೂಡಿನ ರೇಷ್ಮೆಯೂ ಹೆಚ್ಚುಕಡಿಮೆ ಅಷ್ಟೇ. ಆದರೆ ಮೊಟ್ಟೆಯ ನಿದ್ದೆ ತಾಯಿಯ ಹಾರ್ಮೋನಿನದು. ತಾಯಿ ಜಪಾನಿನವಳಾದರೆ ಮೊಟ್ಟೆ ಮಲಗುತ್ತದೆ. ತಾಯಿ ಮೈಸೂರಿನವಳಾದರೆ ಹತ್ತು ದಿನಕ್ಕೆ ಒಡೆಯುತ್ತದೆ, ತಂದೆಯಿಂದ ಹೆಚ್ಚು ಉದ್ದದ ಎಳೆಯೂ ಬರುತ್ತದೆ. ಸುಲ್ತಾನನ ಆಜ್ಞೆ, ಇಟಲಿಯವನ ಬಂಡವಾಳಗಳಿಂದ ಬಗೆಹರಿಯದ ತೊಡಕು ಹೀಗೆ ಯಾವ ಚಿಟ್ಟೆ ಹೆಣ್ಣಾಗಿರಬೇಕು ಎಂಬ ಆಯ್ಕೆಯಲ್ಲಿ ಬಗೆಹರಿಯಿತು. ಕುಣಿಗಲ್, ಮಾಗಡಿಯ ಕಡೆ ಶುದ್ಧ ಮೈಸೂರು ತಳಿಯನ್ನು ಬಿತ್ತನೆಗೂಡಿಗಾಗಿ ಸಾಕುವ ಹಳ್ಳಿಗಳು ಏರ್ಪಟ್ಟದ್ದು, ಶಿಡ್ಲಘಟ್ಟದ ಚರಕಗಳಿಗೆ ಹಳದಿ ಮಿಶ್ರತಳಿ ಗೂಡು ತುಂಬಿ ಬಂದದ್ದು ಇದರ ಫಲ.

ಋತುವಿನ ಮಾತು ಹೀಗಾದರೆ, ವಾಸನೆಯ ಮಾತು ಇನ್ನೂ ಸೂಕ್ಷ್ಮ. ಸಾವಿರಾರು ವರ್ಷದ ಸಾಕಣೆಯಲ್ಲಿ ಈ ಚಿಟ್ಟೆ ಹಾರುವುದನ್ನು ಮರೆತಿದೆ, ಬಾಯಿಯಿದ್ದೂ ಉಣ್ಣುವುದಿಲ್ಲ. ಆದರೂ ಬಿತ್ತನೆ ಮೊಟ್ಟೆ ತಯಾರಿಸುವ ಕೋಠಿಯಲ್ಲಿ ನಸುಕಿಗೆ ಗೂಡೊಡೆದು ಬಂದ ಹೆಣ್ಣು ಹೊಟ್ಟೆಯ ತುದಿಯ ಗ್ರಂಥಿಯನ್ನು ಹೊರಚಾಚಿದರೆ ಸಾಕು, ಗಂಡು ರೆಕ್ಕೆ ಬಡಿಯುತ್ತ ಅದರತ್ತ ತಿರುಗುತ್ತದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಈ ವಾಸನೆಯ ರಾಸಾಯನಿಕವನ್ನು ಹಿಡಿಯಲು ಎರಡು ದಶಕ ದುಡಿದು, ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿಗಳನ್ನು ಸೋಸಿ, 1959ರಲ್ಲಿ ಬಾಂಬಿಕಾಲ್ ಎಂದು ಹೆಸರಿಟ್ಟರು. ಕೀಟಗಳು ಪರಸ್ಪರ ಕರೆಯುವ ಲೈಂಗಿಕ ಗಂಧಗಳಲ್ಲಿ ಮೊದಲು ಗುರುತು ಸಿಕ್ಕಿದ್ದು ಇದಕ್ಕೇ. ಗಂಡಿನ ಒಂದೊಂದು ಮೀಸೆಯಲ್ಲೂ ಈ ಒಂದೇ ವಾಸನೆಗೆ ಮೀಸಲಾದ ಸಾವಿರಾರು ರೋಮಗಳಿವೆ. ಒಂದೇ ಒಂದು ಅಣು ತಗುಲಿದರೂ ನರದಲ್ಲಿ ಮಿಡಿತ ಏಳುತ್ತದೆಂದು ಮುಂದಿನ ಸಂಶೋಧಕರು ತೋರಿಸಿದರು. ಮರಿಯ ಮೂಗೂ ಕಡಿಮೆಯದಲ್ಲ. ಹಿಪ್ಪುನೇರಳೆ ಎಲೆ ಸೂಸುವ ಸಿಸ್-ಜಾಸ್ಮೋನ್ ಎಂಬ ಗಂಧ ಅತ್ಯಲ್ಪ ಪ್ರಮಾಣದಲ್ಲೂ ಅದನ್ನು ಸೆಳೆಯುತ್ತದೆಂದು 2009ರಲ್ಲಿ ಜಪಾನಿನ ಸಂಶೋಧಕರು ಕಂಡುಕೊಂಡರು. ಹಣ್ಣಾದ ಹುಳು ತಿನ್ನುವುದನ್ನು ಬಿಟ್ಟು ತಲೆಯೆತ್ತಿ ಆಸರೆ ಹುಡುಕುತ್ತದೆ. ಆಗ ಅದನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವ ರೈತ ಈ ಸಂಜ್ಞೆಯನ್ನು ಪ್ರಯೋಗಾಲಯಕ್ಕಿಂತ ಎಷ್ಟೋ ಮೊದಲೇ ಓದಿದ್ದ.

ವಾಸನೆಗೆ ಗೆಳೆಯರಷ್ಟೇ ಬರುವುದಿಲ್ಲ, ಹಗೆಗಳೂ ಬರುತ್ತವೆ. 1980 ಈ ಸೀಮೆಗೆ ಎರಡು ಕಾರಣಕ್ಕೆ ನೆನಪಿಡಬೇಕಾದ ವರ್ಷ. ವಿಶ್ವಬ್ಯಾಂಕಿನ ನೆರವಿನ ಕರ್ನಾಟಕ ರೇಷ್ಮೆ ಯೋಜನೆ ಆರಂಭವಾದದ್ದು ಆಗ. ಬಂಗಾಳದಿಂದ ಊಜಿ ನೊಣ ಕರ್ನಾಟಕಕ್ಕೆ ಕಾಲಿಟ್ಟದ್ದೂ ಆಗಲೇ. ಹುಳುಮನೆಯ ವಾಸನೆ ಹಿಡಿದು ಬರುವ ಹೆಣ್ಣು ನೊಣ ದೊಡ್ಡ ಹುಳುಗಳ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿ ಒಳಗೆ ಕೊರೆದ ಕಡೆ ಕಪ್ಪು ಕಲೆ ನಿಲ್ಲುತ್ತದೆ. ಹುಳು ಗೂಡು ಕಟ್ಟುವ ಮೊದಲೇ ಸಾಯುತ್ತದೆ, ಇಲ್ಲವೇ ಗೂಡಿಗೆ ತೂತು ಬಿದ್ದು ನೂಲಿಗೆ ಬಾರದಾಗುತ್ತದೆ. ಮಲಗದ ಮೊಟ್ಟೆಯ ಗುಣ ಇಲ್ಲಿ ಎರಡಲಗಿನ ಕತ್ತಿಯಾಯಿತು. ವರ್ಷವಿಡೀ ಒಂದಲ್ಲ ಒಂದು ಮನೆಯಲ್ಲಿ ಹುಳು ಇರುವ ಊರಿನಲ್ಲಿ ನೊಣಕ್ಕೆ ಬರಗಾಲವೇ ಇಲ್ಲ. ಕಿಟಕಿ ಬಾಗಿಲಿಗೆ ನೈಲಾನ್ ಪರದೆ ಕಟ್ಟುವುದು, ಊಜಿಯ ಕೋಶದೊಳಗೇ ಮೊಟ್ಟೆಯಿಡುವ ನೆಸೊಲಿಂಕ್ಸ್ ಎಂಬ ಪುಟ್ಟ ಕಣಜವನ್ನು ಹುಳುಮನೆಗೆ ಬಿಡುವುದು ಕ್ರಮೇಣ ಬಳಕೆಗೆ ಬಂದವು. ಇಲ್ಲೂ ಕೈಹಿಡಿದದ್ದು ಪ್ರಾಣಿಯ ಗ್ರಹಿಕೆಯ ಅರಿವೇ: ಮೊದಲನೆಯದು ನೊಣಕ್ಕೆ ದಾರಿ ಮುಚ್ಚಿತು, ಎರಡನೆಯದು ಅದರ ಬೆನ್ನಿಗೆ ಅದಕ್ಕಿಂತ ಚುರುಕಾದ ಬೇಟೆಗಾರನನ್ನು ಹಚ್ಚಿತು.

ಈ ವಾದಕ್ಕೆ ಮೂರು ಆಕ್ಷೇಪಗಳು ಬರಬಹುದು. ಮೊದಲನೆಯದು ಅರ್ಥಶಾಸ್ತ್ರದವರದು: ರೇಷ್ಮೆಯ ಏಳುಬೀಳನ್ನು ನಿರ್ಧರಿಸಿದ್ದು ಬೆಲೆ, ಹುಳುವಿನ ಮೂಗಲ್ಲ. 1930ರ ಆರ್ಥಿಕ ಕುಸಿತದ ಕಾಲಕ್ಕೆ ಜಪಾನು, ಚೀನಾಗಳ ಅಗ್ಗದ ರೇಷ್ಮೆ ಮೈಸೂರನ್ನು ನೆಲಕಚ್ಚಿಸಿತು. 1934ರ ಆಮದು ಸುಂಕದಿಂದ ಉಸಿರು ಬಂತು. ಎರಡನೇ ಮಹಾಯುದ್ಧದ ಪ್ಯಾರಾಚೂಟು ಬಟ್ಟೆಯಿಂದ ಬೇಡಿಕೆ ಉಬ್ಬಿತು. 2011ರ ಕೇಂದ್ರ ಬಜೆಟ್ ಕಚ್ಚಾ ರೇಷ್ಮೆಯ ಸುಂಕವನ್ನು ಶೇ. 30ರಿಂದ 5ಕ್ಕೆ ಇಳಿಸಿದಾಗ ಶಿಡ್ಲಘಟ್ಟದ ಗೂಡಿನ ಬೆಲೆ ಕುಸಿಯಿತು. ಇದರಲ್ಲಿ ಒಂದಕ್ಷರವನ್ನೂ ಅಲ್ಲಗಳೆಯಬೇಕಿಲ್ಲ. ಆದರೆ ಬೆಲೆ ವಿವರಿಸುವುದು ರೈತ ಎಷ್ಟು ಬೆಳೆದ, ಯಾವಾಗ ಕೈಬಿಟ್ಟ ಎಂಬುದನ್ನು. ಯಾವ ಹುಳುವನ್ನು ಬೆಳೆಯಲು ಸಾಧ್ಯವಿತ್ತು, ಜಪಾನಿನ ಎಳೆ ಹೆಚ್ಚು ಲಾಭದ್ದೆಂದು ಗೊತ್ತಿದ್ದೂ ಅದು ಇಲ್ಲಿ ಇಷ್ಟು ದಶಕ ಏಕೆ ನೆಲೆಯೂರಲಿಲ್ಲ ಎಂಬುದಕ್ಕೆ ಬೆಲೆಯಲ್ಲಿ ಉತ್ತರವಿಲ್ಲ. ಬೆಲೆಯೊಂದೇ ಸಾಕಾಗಿದ್ದರೆ 1860ರ ದಶಕದಲ್ಲೇ ಮೈಸೂರು ತಳಿ ಮೂಲೆಗೆ ಸೇರಬೇಕಿತ್ತು.

ಎರಡನೆಯದು ಜೀವವಿಜ್ಞಾನದ ಕಡೆಯಿಂದ ಬರುವ ಆಕ್ಷೇಪ: ಹಾರಲಾರದ, ಕಾಡಿನಲ್ಲಿ ಬದುಕಲಾರದ ಹುಳು ಮನುಷ್ಯನ ಕೈಯ ಸೃಷ್ಟಿ, ಅದರ ಹೊಂದಾಣಿಕೆಯನ್ನು ಪ್ರಕೃತಿಯ ಖಾತೆಗೆ ಹಾಕುವುದು ಸರಿಯೇ? ಅರ್ಧ ಸರಿಯಾದ ಮಾತು. ಮನುಷ್ಯ ಆರಿಸಿದ್ದು ಗೂಡನ್ನು, ತೂಕವನ್ನು, ಸೌಮ್ಯ ಸ್ವಭಾವವನ್ನು. ಹೆಣ್ಣಿನ ವಾಸನೆಗೆ ಗಂಡು ತಿರುಗುವುದನ್ನು, ಮೊಟ್ಟೆ ಬೆಳಕಿಗೆ ಒಡೆಯುವುದನ್ನು ಅವನು ರೂಪಿಸಲಿಲ್ಲ; ಅವು ಕಾಡಿನಿಂದ ಬಂದ ಆಸ್ತಿ. ಚೀನಾ, ಜಪಾನುಗಳ ಕಾಡುಹುಳು ಇಂದಿಗೂ ಅದೇ ಬಾಂಬಿಕಾಲ್‌ನಿಂದ ಸಂಗಾತಿಯನ್ನು ಕರೆಯುತ್ತದೆ. ಮೈಸೂರು ತಳಿಯ ಮಲಗದ ಮೊಟ್ಟೆಯನ್ನು ಬೆಚ್ಚನೆಯ ನಾಡಿನ ಸಾಕಣೆಯೇ ಆರಿಸಿತು ಎನ್ನಬಹುದು, ಏಕೆಂದರೆ ಮಲಗಿದ ಮೊಟ್ಟೆಯನ್ನು ರೈತ ಎಸೆದ, ಒಡೆದದ್ದನ್ನು ಸಾಕಿದ. ಆದರೆ ಹಾಗೆ ಎಸೆಯುವಂತೆ ಮಾಡಿದ್ದು ಇಲ್ಲಿಯ ಹವೆ. ಆರಿಸಿದ ಕೈ ಮನುಷ್ಯನದು, ಆಯ್ಕೆಯ ನಿಯಮ ನೆಲದ್ದು.

ಮೂರನೆಯ ಆಕ್ಷೇಪ ಇವತ್ತಿನದು, ಎಲ್ಲಕ್ಕಿಂತ ಗಟ್ಟಿಯಾದದ್ದು. 1961ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ, 1990ರ ದಶಕದಲ್ಲಿ ಜಪಾನಿನ ಸಹಕಾರದೊಡನೆ ಸಿ.ಎಸ್.ಆರ್. ದ್ವಿತಳಿಗಳನ್ನು ರೂಪಿಸಿತು, ಜೊತೆಗೆ ವಿ-1 ಹಿಪ್ಪುನೇರಳೆ ಬಂತು, ಎಳೆಹುಳು ಸಾಕಿ ಕೊಡುವ ಚಾಕಿ ಕೇಂದ್ರಗಳು ಬಂದವು. ಈಗ ಕಿಲೋಮೀಟರ್ ಮೀರುವ ಎಳೆಯ ಬಿಳಿಗೂಡು ಶಿಡ್ಲಘಟ್ಟಕ್ಕೂ ಬರುತ್ತಿದೆ. ಹಾಗಾದರೆ ಹೊಂದಾಣಿಕೆಯ ಮಾತು ಹಳೆಯದಾಯಿತಲ್ಲವೇ? ಆ ಮೊಟ್ಟೆ ರೈತನ ಕೈಸೇರುವ ದಾರಿಯನ್ನು ನೋಡಿದರೆ ಉತ್ತರ ಸಿಗುತ್ತದೆ. ಇಟ್ಟ ಒಂದು ದಿನದೊಳಗೆ ಮೊಟ್ಟೆಯನ್ನು 46 ಡಿಗ್ರಿ ಬಿಸಿಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಐದಾರು ನಿಮಿಷ ಅದ್ದಿ ಅದರ ನಿದ್ದೆಯನ್ನು ತಪ್ಪಿಸುತ್ತಾರೆ. ಇಲ್ಲವೇ ತಿಂಗಳುಗಟ್ಟಲೆ ಶೀತಲಗೃಹದಲ್ಲಿಟ್ಟು ಚಳಿಗಾಲವನ್ನು ಕೃತಕವಾಗಿ ಕೊಡುತ್ತಾರೆ. ಒಡೆಯುವ ಮುನ್ನ ಮೊಟ್ಟೆ ನೀಲಿಗಟ್ಟಿದಾಗ ಕಪ್ಪುಪೆಟ್ಟಿಗೆಯಲ್ಲಿ ಕತ್ತಲು ಹಿಡಿಸಿ, ಬೆಳಗ್ಗೆ ಒಮ್ಮೆಗೇ ಬೆಳಕಿಗೆ ತೆರೆದು, ಎಲ್ಲ ಮರಿಗಳೂ ಒಟ್ಟಿಗೆ ಹೊರಡುವಂತೆ ಮಾಡುತ್ತಾರೆ. ಹುಳು ತನ್ನ ಸ್ವಭಾವವನ್ನು ಬಿಟ್ಟಿಲ್ಲ; ಅದು ನಂಬುವ ಸಂಜ್ಞೆಗಳನ್ನು ಮನುಷ್ಯ ನಕಲು ಮಾಡಲು ಕಲಿತಿದ್ದಾನೆ. ಈ ನಕಲಿಗೆ ವಿದ್ಯುತ್ತು ಬೇಕು, ತಂಪಾದ ಹುಳುಮನೆ ಬೇಕು, ರಸವತ್ತಾದ ಎಲೆಗೆ ತಪ್ಪದೆ ನೀರು ಬೇಕು. ದ್ವಿತಳಿ ಗೆದ್ದಿದೆ, ನಿಜ. ಚಳಿಗಾಲದ ಬಾಡಿಗೆಯನ್ನು ಯಾರಾದರೂ ಕಟ್ಟುತ್ತಿರುವಷ್ಟು ಕಾಲ ಗೆದ್ದಿರುತ್ತದೆ.

ಪೆರೇಸಂದ್ರದಂಥ ಊರಿಗೆ ಈ ಲೆಕ್ಕ ಮುಖ್ಯ, ಏಕೆಂದರೆ ಅಲ್ಲಿ ಅಗ್ಗವಾಗಿ ಸಿಗದ ವಸ್ತುವೇ ನೀರು. ಕೊಳವೆಬಾವಿ ಕೈಕೊಟ್ಟ ವರ್ಷ, ಬೇಸಿಗೆ ಎಂದಿಗಿಂತ ಬಿಸಿಯಾದ ವರ್ಷ ಸಣ್ಣ ರೈತನ ಕೈಯಲ್ಲಿ ಉಳಿಯುವುದು ಮೈಸೂರು ತಾಯಿಯ ಮಿಶ್ರತಳಿ. ಆ ತಾಯಿ ಉಳಿಯಬೇಕಾದರೆ ಬಿತ್ತನೆ ಪ್ರದೇಶದಲ್ಲಿ ಕಡಿಮೆ ಲಾಭದ ಸಣ್ಣ ಗೂಡನ್ನು ಯಾರೋ ಬೆಳೆಯುತ್ತಿರಬೇಕು, ಅವರಿಗೆ ಅದು ದಕ್ಕುವ ಬೆಲೆ ಸಿಗುತ್ತಿರಬೇಕು. ಹೊಸೂರಿನ ತಳಿಸಂಗ್ರಹ ಕೇಂದ್ರದಲ್ಲಿ ಮಾದರಿ ಇಟ್ಟರಷ್ಟೇ ಇದು ಆಗುವ ಕೆಲಸವಲ್ಲ; ಹವೆಗೆ ಒಡ್ಡಿಕೊಂಡು ಹೊಲಮನೆಗಳಲ್ಲಿ ಪೀಳಿಗೆ ನಡೆಯುತ್ತಿದ್ದರೆ ಮಾತ್ರ ಹೊಂದಾಣಿಕೆ ಜೀವಂತ. ರೇಷ್ಮೆಯ ಯೋಜನೆಯನ್ನು ಎಳೆಯ ಉದ್ದದಿಂದ ಮಾತ್ರ ಅಳೆಯುವವರು ದೆ ವೆಚ್ಚಿಯ ಲೆಕ್ಕವನ್ನೇ ಮತ್ತೆ ಹಾಕುತ್ತಿದ್ದಾರೆ. ಹೊಸ ತಳಿಯೊಂದನ್ನು ಈ ಸೀಮೆಗೆ ಶಿಫಾರಸು ಮಾಡುವಾಗ ಗೂಡಿನ ತೂಕದ ಜೊತೆಗೆ, ಅದರ ಮೊಟ್ಟೆ ಯಾವ ಸಂಜ್ಞೆಗೆ ಏಳುತ್ತದೆ, ಆ ಸಂಜ್ಞೆಯನ್ನು ಒದಗಿಸುವ ಖರ್ಚು ಯಾರ ತಲೆಗೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಬರೆದಿರಬೇಕು. ಎರಡು ಶತಮಾನದ ಅನುಭವ ಕೇಳುವುದು ಇಷ್ಟನ್ನೇ.